ನಮ್ಮ ಕಾಕಾನ ನೀರಿನ ಶಿಕ್ಷೆ

ನಮ್ಮ ಕಾಕಾನಷ್ಟು ಪ್ರಾಮಾಣಿಕ ಅಪರಾಧಿ ಇಡೀ ಆಳಂದ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ! ಬೇರೆಯವರು ತಪ್ಪು ಮಾಡಿ ಶಿಕ್ಷೆ ತಪ್ಪಿಸಿಕೊಂಡರೆ, ಈ ಮಹಾನುಭಾವ ಶಿಕ್ಷೆಗಾಗಿಯೇ ತಪ್ಪು ಮಾಡುತ್ತಿದ್ದ.

ಹಟವೂ ಅಷ್ಟೇ. ತನ್ನ ಅಕ್ಕನ ಮಗಳ ಮದುವೆಯಲ್ಲಿ ಇವನು ಆಯೇರಿಯೆಂದು ಉಡುಗೊರೆ ಕೊಟ್ಟ ಹಸಿರು ಸೀರೆಯನ್ನು ಅಕ್ಕ ಗಡಿಬಿಡಿಯಲ್ಲಿ ಉಡಲಿಲ್ಲ. ಸಾಕಲ್ಲ! "ನಿನ್ನ ಮನಿ ನೀರ ಮುಟ್ಟಂಗಿಲ್ಲ" ಎಂದ ಇವನು. "ನಿನ್ನ ಮನೀದು ನಾನೂ ಮುಟ್ಟಂಗಿಲ್ಲ" ಎಂದಳು ಅವಳು. ಹನ್ನೆರಡು ವರ್ಷ ಮಾತಿಲ್ಲ.

ಎಂಬತ್ತರ ದಶಕದಲ್ಲಿ, ಖಜೂರಿ ರಸ್ತೆಯ ನಮ್ಮೂರಲ್ಲಿ ಪಂಚರು ಹೊಸ ಕಾಯ್ದೆ ತಂದಿದ್ದರು. ತಪ್ಪು ಮಾಡಿದವನು ಬಸ್ಸು ನಿಲ್ಲುವಲ್ಲಿನ ಅರವಟಿಗೆಗೆ ಒಂದು ತಿಂಗಳು ಬಿಟ್ಟಿ ನೀರು ಹೊತ್ತು ಪ್ರಯಾಣಿಕರಿಗೆ ಕುಡಿಸಬೇಕು. ಕಾಕಾನ ಎಮ್ಮೆ ಪಂಚರ ಹಿರಿಯರಾದ ಗೌಡರ ಜೋಳವನ್ನೇ ಮೇಯ್ದಿತು. ಮೇಯ್ದದ್ದು ಎಮ್ಮೆ, ಹೊತ್ತದ್ದು ಕಾಕಾ!

ಮನೆಯಲ್ಲಿ ಒಂದು ತಂಬಿಗೆ ಎತ್ತದವನು ಅಲ್ಲಿ ಮಡಿ ಧೋತರ ಉಟ್ಟು ದರ್ಬಾರು ನಡೆಸಿದ. "ನೆಟ್ಟಗ ಕೈ ಹಿಡೀಲೇ, ಇದು ಶಿಕ್ಷಾದ ನೀರದ!" ಎಂದು ಲಾರಿ ಡ್ರೈವರುಗಳನ್ನೂ ಗದರುತ್ತಿದ್ದ.

ತಿಂಗಳು ಮುಗಿಯಿತು. ಮರುದಿನವೇ ಎಮ್ಮೆ ಮತ್ತೆ ಜೋಳದಲ್ಲಿ! ಹಗ್ಗ ಬಿಚ್ಚಿದವನು ಕಾಕಾನೇ ಎಂದು ನೋಡಿದವರು ಹೇಳಿದರು.

"ಯಾಕಪಾ, ಮತ್ತ?" ಎಂದರು ಗೌಡರು.

"ತಪ್ಪಾತ್ರಿ. ಕಡಿಮಿ ಶಿಕ್ಷಾ ಕೊಡಬ್ಯಾಡ್ರಿ, ನನಗ ಬುದ್ಧಿ ಬರಂಗಿಲ್ಲ."

ಸುಗ್ಗಿಯಾಗಿ ಹೊಲ ಖಾಲಿಯಾದಾಗ ಪಾಪ, ತಪ್ಪು ಮಾಡಲು ಜಾಗವೇ ಇಲ್ಲ. ಒಣಹಾಕಿದ್ದ ಗೌಡರ ರುಮಾಲನ್ನೇ ಎಮ್ಮೆಗೆ ತಿನ್ನಿಸಿದ!

ಇಷ್ಟೆಲ್ಲ ಯಾಕೆ? ಒಂದು ಅಮಾವಾಸ್ಯೆಯ ದಿನ ನನಗೆ ತಿಳಿಯಿತು. ಗಡಿಯಾಚೆಯಿಂದ ಆಳಂದಕ್ಕೆ ಹೊರಟ ಬಸ್ಸು ನಿಂತಿತು. ಅತ್ತೆ, ಅಂದರೆ ಕಾಕಾನ ಆ ಅಕ್ಕ, ಇಳಿದು ಬಂದು ಬೊಗಸೆ ಒಡ್ಡಿದಳು. ಪ್ರತಿ ಅಮಾವಾಸ್ಯೆಗೆ ಅವಳು ದೇವರಿಗೆ ಹೋಗುವಾಗ ಇದೇ ನಡೆಯುತ್ತಿತ್ತಂತೆ.

"ಇದು ಊರ ನೀರು, ನಿನ್ನ ಮನೀದಲ್ಲ. ಅದಕ್ಕ ಕುಡೀತೇನಿ" ಎಂದಳು.

"ನಾನೂ ಶಿಕ್ಷಾ ಅಂತ ಹಾಕಾಕತ್ತೇನಿ" ಎಂದ ಕಾಕಾ, ಮುಖ ನೋಡದೆ.

ಆಮೇಲೆ ನೋಡಿದ. ಅವಳ ಮೈಮೇಲೆ ಅದೇ ಹಸಿರು ಸೀರೆ. ಬೊಗಸೆ ತುಂಬಿ ಚೆಲ್ಲುತ್ತಿದ್ದರೂ ಅವನು ಸುರಿಯುತ್ತಲೇ ಇದ್ದ. ನನಗೆ ನಗು ಬರಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಗೌಡರು ಕೆಮ್ಮಿದರು.

"ಇನ್ನ ಎಮ್ಮಿ ಕಟ್ಟಿಹಾಕಪಾ. ನಿನಗ ಜನ್ಮಪೂರ್ತಿ ಶಿಕ್ಷಾ ಆತು."

ಕಾಕಾ ಕೊಡ ಕೆಳಗಿಟ್ಟು, ಅಕ್ಕನ ಕೈ ಹಿಡಿದು ಅತ್ತ.