ಬಾಲ ಅಲುಗಿಸುವ ರಬ್ಬರ್ ಮೀನುಗಳು

ಮನೆಯಲ್ಲಿ ಕೂತು ರಬ್ಬರ್ ಮೀನು ಮಾಡುವವನ ಸುತ್ತ ಯಾರಾದರೊಬ್ಬರು ಬೆಚ್ಚಿಬೀಳುತ್ತಲೇ ಇರುತ್ತಾರೆ. ನಾನಾಗಿ ಯಾರನ್ನೂ ಹೆದರಿಸಲು ಹೊರಟವನಲ್ಲ.

ಅದು ತೊಂಬತ್ತರ ದಶಕ. ಠಾಣೆಯ ಗೊಂಬೆ ಫ್ಯಾಕ್ಟರಿಯೊಂದರಲ್ಲಿ ನನಗೆ ಕೆಲಸ. ಸಮುದ್ರದ ಹಿನ್ನೀರಿನ ಖಾಡಿ ದಾಟಿದರೆ ಕಳವಾ. ಅಲ್ಲೊಂದು ಚಾಳಿನ ಮೊದಲ ಮಹಡಿಯಲ್ಲಿ ನಾನು, ನನ್ನ ಹೆಂಡತಿ, ಒಂದು ಸೀಮೆಎಣ್ಣೆ ಸ್ಟವ್. ಉಡುಪಿ ಕಡೆಯವನಾದ್ದರಿಂದ ಗಾಳ ಹಾಕುವ ಚಟ ಮೊದಲೇ ಇತ್ತು. ಗಲ್ಫಿನಿಂದ ಬಂದ ಭಾವ ಒಂದು ಮೆತ್ತನೆಯ ಬಣ್ಣದ ಮೀನು ತಂದುಕೊಟ್ಟರು. ಎರೆಹುಳದ ಬದಲು ಅದನ್ನೇ ಗಾಳಕ್ಕೆ ಸಿಕ್ಕಿಸುವುದಂತೆ. ಮುಟ್ಟಿ ನೋಡಿದರೆ ನಮ್ಮ ಗೊಂಬೆಗಳದೇ ಚರ್ಮ.

ಮಾಲೀಕರನ್ನು ಕೇಳಿ, ಗೊಂಬೆ ಎರೆದು ಡಬ್ಬದ ತಳದಲ್ಲಿ ಉಳಿದ ದ್ರವ ತಂದೆ. ಹಾಲಿನಂತಿರುವ ಅದು ಕಾದಾಗ ಗಂಜಿಯ ಹಾಗೆ ಗಟ್ಟಿಯಾಗಿ, ಇನ್ನೂ ಕಾದರೆ ತಿಳಿಯಾಗುತ್ತದೆ. ಆಗ ಬಣ್ಣ ಕಲಸಿ ಪ್ಲಾಸ್ಟರ್ ಅಚ್ಚಿಗೆ ಎರೆಯಬೇಕು. ಹೊಟ್ಟೆಯ ಬಣ್ಣ ಆರುವ ಮೊದಲೇ ಬೆನ್ನಿನ ಬಣ್ಣ ಬೀಳಬೇಕು, ಇಲ್ಲದಿದ್ದರೆ ಎರಡೂ ಬಿಟ್ಟುಕೊಳ್ಳುತ್ತವೆ. ನಾಲ್ಕು ವರ್ಷ ಭಾನುವಾರಗಳನ್ನೆಲ್ಲ ಇದಕ್ಕೇ ಸುರಿದೆ. ಖಾಡಿಯ ಒಂದೇ ಒಂದು ಮೀನು ಕಚ್ಚಲಿಲ್ಲ.

"ನೋಡಿದ ಮನುಷ್ಯರೆಲ್ಲ ಹೆದರ್ತಾರೆ, ಮೀನಿಗೆ ಮಾತ್ರ ನಂಬಿಕೆ ಇಲ್ಲ" ಎನ್ನುತ್ತಿದ್ದಳು ಹೆಂಡತಿ.

ಗಾಡಿ ಬಂತೇ?

ಎರೆದ ಮೀನುಗಳನ್ನು ಕಿಟಕಿಗೆ ಅಡ್ಡ ಕಟ್ಟಿದ ದಾರಕ್ಕೆ ತೂಗುಹಾಕುತ್ತಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಇಲ್ಲ, ಫ್ಯಾನ್ ನಿಂತಿದೆ, ಕಿಟಕಿ ಮುಚ್ಚಿದೆ. ಹೆಂಡತಿ ನನ್ನ ತೋಳು ಹಿಡಿದಳು. "ಅಲ್ಲಿ ನೋಡಿ."

ಇಪ್ಪತ್ತು ಬಾಲಗಳೂ ಒಟ್ಟಿಗೆ ನಡುಗುತ್ತಿದ್ದವು. ಅರೆ ನಿಮಿಷದ ಮೇಲೆ ಚಾಳಿನ ಹಿಂದಿನ ಹಳಿಯಲ್ಲಿ ಲೋಕಲ್ ಗಾಡಿ ಧಡಧಡಿಸುತ್ತ ಹೋಯಿತು. ನಮ್ಮ ಕಿವಿಗಿಂತ ಮೊದಲು ಹಳಿಯ ಅದುರು ಅವುಗಳ ಬಾಲಕ್ಕೆ ತಲುಪುತ್ತಿತ್ತು, ಅಷ್ಟೇ. ಸುದ್ದಿ ಕೇಳಿದ್ದೇ ಕೆಳಗಿನ ಮನೆಯ ಮರಾಠಿ ಅಜ್ಜಿ, ನಮ್ಮೆಲ್ಲರ ಆಜಿ, ದಿನಾ ಸಂಜೆ ಮೇಲೆ ಬರತೊಡಗಿದರು. ಚಾಳಿನ ಒಡತಿ ಅವರೇ. ದಾರದ ಮುಂದೆ ನಿಂತು ಮೀನುಗಳನ್ನೇ ಕೇಳುವರು: "ಗಾಡಿ ಆಲೀ ಕಾ?" ಬಾಲ ನಡುಗಿತೋ, ಆ ಗಾಡಿಯಲ್ಲಿ ಮಗ ಬರುತ್ತಾನೆಂದು ಚಹಾಕ್ಕೆ ಇಡಲು ಇಳಿಯುವರು.

ಒಮ್ಮೆ ಮಳೆಗೆ ಹಳಿ ಮುಳುಗಿ ಬೆಳಗಿನಿಂದ ಒಂದು ಗಾಡಿಯೂ ಓಡಲಿಲ್ಲ. ಗಾಡಿಯಿಲ್ಲವೆಂದು ಸ್ಟೇಷನ್ನಿನ ಭೋಂಗಾ, ಅಂದರೆ ಧ್ವನಿವರ್ಧಕ, ಕೂಗುತ್ತಲೇ ಇತ್ತು. ಸಂಜೆ ಅದೇ ಹೊತ್ತಿಗೆ ಬಾಲಗಳು ನಡುಗಿದವು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ದಾರದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಆಜಿ ಮಾತ್ರ ಆರಾಮವಾಗಿ ಚಹಾಕ್ಕೆ ಇಟ್ಟರು. ಕುದಿಯುವಷ್ಟರಲ್ಲಿ ಮಗ ಠಾಣೆಯಿಂದ ನಡೆದೇ ಬಂದು, ಮಂಡಿಯವರೆಗೆ ಕೆಸರಾಗಿ ಬಾಗಿಲಲ್ಲಿ ನಿಂತಿದ್ದ.

"ಸ್ಟೇಷನ್ನಿನ ಭೋಂಗಾಕ್ಕೆ ಏನು ಗೊತ್ತು?" ಎಂದರು ಆಜಿ.

ಹೆಚ್ಚಿನ ಬೆರಳು

ಆಜಿಯ ಈ ಪ್ರೀತಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಲ ಫ್ಯಾಕ್ಟರಿಯಲ್ಲಿ ಗೊಂಬೆಯ ಮೈಬಣ್ಣ ಕಲಸಿದ ದ್ರವವೇ ಸಿಕ್ಕಿತು. ಅದರಲ್ಲಿ ಸಣ್ಣ ಹುಳುಗಳನ್ನು ಎರೆದೆ. ಚೀಲದಿಂದ ಒಂದು ಹುಳ ಮೆಟ್ಟಿಲ ಮೇಲೆ ಬಿದ್ದದ್ದು ನನಗೆ ತಿಳಿಯಲಿಲ್ಲ.

ಹೊರಗೆ ಗಲಾಟೆ ಕೇಳಿ ಬಂದರೆ ಚಾಳಿನ ಮಕ್ಕಳೆಲ್ಲ ಸಾಲಾಗಿ ಕೈ ಚಾಚಿ ನಿಂತಿವೆ. ಆಜಿಯ ಕೈಯಲ್ಲಿ ಕರವಸ್ತ್ರ, ಅದರೊಳಗೆ ಮಗುವಿನ ಬೆರಳು. ಮೆತ್ತಗೆ, ಗುಲಾಬಿ, ಬಿಸಿಲಿಗೆ ಇನ್ನೂ ಬೆಚ್ಚಗೆ. ಆಜಿ ಒಂದೊಂದು ಮಗುವಿನ ಬೆರಳು ಮುಟ್ಟಿ ಎಣಿಸಿದರು. ಎಲ್ಲರದೂ ಹತ್ತು. ದೊಡ್ಡವರದನ್ನೂ ಎಣಿಸಿದರು, ಹತ್ತೇ. ಆಗ ಅವರ ಮುಖ ಬಿಳಿಚಿಕೊಂಡಿತು.

"ಒಂದು ಕಡಿಮೆ ಇದ್ದಿದ್ದರೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೆಚ್ಚಾದದ್ದನ್ನು ಎಲ್ಲಿಗೆ ಒಯ್ಯಲಿ?"

ಅದು ನನ್ನ ರಬ್ಬರ್ ಹುಳವೆಂದು ಒಪ್ಪಿಕೊಂಡೆ. ಆಜಿ ಕರವಸ್ತ್ರ ಕೊಡವಿ ಹುಳವನ್ನು ನನ್ನ ಕಾಲ ಬಳಿ ಬೀಳಿಸಿದರು. "ಇನ್ನೊಂದು ಸಲ ಈ ಹುಳ ನನ್ನ ಕಣ್ಣಿಗೆ ಬಿದ್ದರೆ ಖೋಲಿ ಖಾಲಿ ಮಾಡಿ" ಎಂದರು. ಆ ಕಾಲದಲ್ಲಿ ಇನ್ನೊಂದು ಖೋಲಿ ಎಲ್ಲಿ ಹುಡುಕುವುದು? ಹೆಂಡತಿ ನನ್ನನ್ನು ದೇವರ ಪಟದ ಮುಂದೆ ನಿಲ್ಲಿಸಿ, ಇನ್ನು ಮೀನು, ಹುಳ ಏನೂ ಎರೆಯುವುದಿಲ್ಲವೆಂದು ಆಣೆ ಹಾಕಿಸಿದಳು. ಆಣೆ ಹಾಕುವಾಗಲೂ ನನ್ನ ಒಂದು ಕಣ್ಣು ದಾರದ ಮೇಲೆಯೇ ಇತ್ತು.

ನಾಗನ ಬೊಜ್ಜ

ಆಣೆಯನ್ನು ಎರಡು ತಿಂಗಳು ಪಾಲಿಸಿದೆ. ಅಷ್ಟರಲ್ಲಿ ಊರಿನಿಂದ ಅತ್ತೆ ಬಂದರು. ಒಂದು ಭಾನುವಾರ ಅಮ್ಮ, ಮಗಳು ಡೊಂಬಿವಲಿಯ ನೆಂಟರ ಮನೆಗೆ ಹೋದದ್ದೇ ತಡ, ಸ್ಟವ್ ಹಚ್ಚಿದೆ. ಗೇಣುದ್ದದ ಹಾವುಮೀನು. ಹೊಟ್ಟೆ ಹೊನ್ನಿನ ಬಣ್ಣ, ಬೆನ್ನು ಕಪ್ಪು, ನಡುವೆ ಒಂದು ಕೆಂಪು ಗೆರೆ. ಅಂಥದ್ದು ನನ್ನ ಕೈಯಿಂದ ಮತ್ತೆ ಬಂದಿಲ್ಲ. ಅಚ್ಚಿನಿಂದ ಬಿಡಿಸುವಾಗಲೇ ಮೆಟ್ಟಿಲಲ್ಲಿ ಅತ್ತೆಯ ಸ್ವರ. ಗಾಬರಿಯಲ್ಲಿ ಅದನ್ನು ಕಿಟಕಿಯ ತುಳಸಿ ಕುಂಡದೊಳಗೆ ಅಡಗಿಸಿದೆ.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ತುಳಸಿಗೆ ನೀರು ಹಾಕಲು ಹೋಗಿದ್ದರು. ಅವರು ಕಿರುಚಲಿಲ್ಲ. ತಂಬಿಗೆ ಕೆಳಗಿಟ್ಟು ಕೈ ಮುಗಿದರು.

"ನಾಗನ ಮರಿ. ಉಸಿರಿಲ್ಲ. ಸತ್ತ ನಾಗ ಕಣ್ಣಿಗೆ ಬಿದ್ದ ಮೇಲೆ ಮನುಷ್ಯರಿಗೆ ಮಾಡಿದ ಹಾಗೆ ಬೊಜ್ಜ, ಉತ್ತರಕ್ರಿಯೆ ಎಲ್ಲ ಮಾಡಬೇಕು. ಇಲ್ಲದಿದ್ರೆ ಈ ಮನೆಗೆ ಒಳ್ಳೇದಲ್ಲ. ಯಜಮಾನ ನೀವು, ಬೆಂಕಿ ನೀವೇ ಕೊಡ್ಬೇಕು."

ನಾನು ಹತ್ತಿರ ಹೋಗುವುದರೊಳಗೆ ಅದಕ್ಕೆ ಬಿಳಿ ಬಟ್ಟೆ ಸುತ್ತಿಯಾಗಿತ್ತು. ನಿಜ ಹೇಳಿದರೆ ಖೋಲಿ ಹೋಗುತ್ತದೆ, ಆಣೆ ಮುರಿದದ್ದೂ ಬಯಲಾಗುತ್ತದೆ. ಬಾಯಿ ಮುಚ್ಚಿಕೊಂಡೆ. ಡೊಂಬಿವಲಿಯಿಂದ ಭಟ್ಟರು ಬಂದರು. ಆಜಿ ತಾವಾಗಿಯೇ ಟೆರೇಸಿನ ಬೀಗ ತೆಗೆದು ಒಂದು ಲೋಟ ಹಾಲು ತಂದರು.

ಒದ್ದೆ ಪಂಚೆಯುಟ್ಟು ನನ್ನದೇ ರಬ್ಬರ್ ಮೀನಿಗೆ ನಾನು ಅಗ್ನಿಸ್ಪರ್ಶ ಮಾಡಿದೆ. ಬಟ್ಟೆ ಉರಿಯಿತು. ನಾಗ ಉರಿಯಲಿಲ್ಲ. ಮೊದಲು ಬೆವರಿತು, ಮೆಲ್ಲಗೆ ಹೆಡೆಯೆತ್ತಿದಂತೆ ಒಂದು ಕಡೆ ಎದ್ದಿತು, ಆಮೇಲೆ ಕರಗಿ ಹರಿಯಿತು. ಕಪ್ಪು ಹೊಗೆ ನೆಟ್ಟಗೆ ಮೇಲೆ ಹೋಯಿತು. ಮಾಡಿದವನು ನಾನೇ ಆದರೂ ನನ್ನ ಮೈ ಜುಂ ಎಂದಿತು. ಭಟ್ಟರ ಮಂತ್ರ ನಿಂತಿತು.

"ಇಷ್ಟು ವರ್ಷದಲ್ಲಿ ಇಂಥ ನಾಗನನ್ನು ನೋಡ್ಲಿಲ್ಲ ಮಾರಾಯ್ರೆ" ಎಂದರು ಮೆಲ್ಲಗೆ.

ಹೊಗೆಯ ವಾಸನೆ ಹೆಂಡತಿಗೆ ತಲುಪಿತು. ನಾಲ್ಕು ವರ್ಷ ಅದೇ ವಾಸನೆಯಲ್ಲಿ ಅನ್ನ ಬೇಯಿಸಿದವಳು. ತಲೆ ತಿರುಗಿಸಿ ನನ್ನನ್ನು ನೋಡಿದಳು. ನಾನು ಬೆಂಕಿಯನ್ನೇ ನೋಡುತ್ತ ನಿಂತೆ.

ಬೂದಿಯ ನಡುವೆ ಬಾಲ ಮಾತ್ರ ಸುಡದೆ ಉಳಿದಿತ್ತು. ಎಲ್ಲವನ್ನೂ ಮಡಕೆಗೆ ತುಂಬಿ ಖಾಡಿಗೆ ನಡೆದೆವು. ಮೊಣಕಾಲುದ್ದ ನೀರಿನಲ್ಲಿ ನಿಂತು ಮಡಕೆ ಬಗ್ಗಿಸಿದೆ. ಬೂದಿ ಹರಡಿತು, ಬಾಲ ಅಲುಗುತ್ತ ಅಲುಗುತ್ತ ಇಳಿಯಿತು. ನೀರು ಒಮ್ಮೆ ಸೀಳಿತು. ಮೊಳದುದ್ದದ ಮೀನೊಂದು ನನ್ನ ಕಾಲ ಬುಡದಲ್ಲೇ ಅದನ್ನು ಗುಳುಂ ಎಂದು ನುಂಗಿ ಹೊರಟುಹೋಯಿತು.

ನಾಲ್ಕು ವರ್ಷದಲ್ಲಿ ಮೊದಲನೆಯದು. ಕೈಯಲ್ಲಿ ಗಾಳವಿಲ್ಲ, ಕೂಗಿ ಹೇಳುವ ಹಾಗಿಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು.

"ಸ್ವೀಕಾರ ಆಯ್ತು" ಎಂದು ಅತ್ತೆ ಕೈ ಮುಗಿದರು. ಆಜಿಯೂ ಮುಗಿದು, ನನ್ನ ಒದ್ದೆ ಕಣ್ಣು ನೋಡಿ, "ಇಷ್ಟು ಭಕ್ತಿ ಇರುವವರು ನಮ್ಮ ಚಾಳಿನಲ್ಲೇ ಇರಲಿ" ಎಂದರು.

ಹಿಂದಿರುಗುವಾಗ ಹೆಂಡತಿ ಬೇಕೆಂದೇ ನಿಧಾನವಾಗಿ ನಡೆದು ನನ್ನ ಜೊತೆಯಾದಳು. ಇವತ್ತು ನನ್ನ ಕತೆ ಮುಗಿಯಿತೆಂದುಕೊಂಡೆ. ಅವಳು ಮುಂದೆ ಹೋಗುತ್ತಿದ್ದ ಅಮ್ಮನನ್ನೊಮ್ಮೆ ನೋಡಿ ಸ್ವರ ತಗ್ಗಿಸಿದಳು.

"ಬಾಲಕ್ಕೆ ಎಂತ ಬಣ್ಣ ಹಾಕಿದ್ರಿ?"