ಹಿತ್ತಲ ಒಲೆಯ ಶಾಂಪೇನು

ಮಧುಗಿರಿ ಬೆಟ್ಟದ ಬಂಡೆ ಅಷ್ಟು ನುಣ್ಣಗಿರುವುದಕ್ಕೆ ಕಾರಣ ಮಳೆ, ಗಾಳಿ ಅಲ್ಲ. ಗುಮಾಸ್ತೆ ಪರ್ವತಯ್ಯ ತೆರೆದ ಶಾಂಪೇನ್ ಬಾಟಲಿಯ ಬಿರಡೆ. ಅದು ಅವನ ಹಿತ್ತಲಿನಿಂದ ಹಾರಿ, ಬೆಟ್ಟವನ್ನು ಉಜ್ಜಿಕೊಂಡು ಹೋಗಿ, ಶಿರಾದ ಕಡಲೆಕಾಯಿ ಮಂಡಿಯಲ್ಲಿ ಬಿತ್ತು. ನಂಬದವರು ಬಂಡೆಯನ್ನು ಮುಟ್ಟಿ ನೋಡಬಹುದು.

ಮಹಾರಾಜರ ಕಾಲ ಅದು. ಕಚೇರಿಯ ಗಡಿಯಾರ ನಿಂತರೂ ಊರು ನಡೆಯುತ್ತಿತ್ತು. ಒಂದು ಮನೆಯ ಒಗ್ಗರಣೆಗೆ ಇಡೀ ಬೀದಿ ಸೀನುತ್ತಿತ್ತು. ಈಗ ಅಂಥ ಒಗ್ಗರಣೆ ಎಲ್ಲಿ, ಅಂಥ ಮೂಗುಗಳೆಲ್ಲಿ!

ಪಾವಗಡದ ಕಡೆ ಕೆರೆ ಅಳೆದು ಬಂದ ಇಂಗ್ಲಿಷ್ ಇಂಜಿನಿಯರ್ ದೊರೆ ಬಂಗಲೆಯಲ್ಲಿ ಇಳಿದಿದ್ದ. ತಿಂಗಳಿಂದ ಬಿಡದ ನೆಗಡಿ. ಅವನ ಬಟ್ಲರ್ ಜ್ವರ ಬಂದು ಮಲಗಿದ್ದ. ಅಂದು ದೊರೆಯ ಹುಟ್ಟಿದ ಹಬ್ಬ. ಸಂಜೆಗೆ ಶಾಂಪೇನ್ ಕಾಕ್‌ಟೇಲ್ ಬೇಕೇ ಬೇಕು. ಅಮಲ್ದಾರರು ಬಾಟಲಿಗಳನ್ನು ಪರ್ವತಯ್ಯನ ಕೈಗಿತ್ತು, “ಮನೇಲಿ ಮಾಡಿಸ್ಕೊಂಡು ಬನ್ನಿ. ದೊರೆ ಮೆಚ್ಚಿದರೆ ಶಿರಸ್ತೇದಾರಿ ನಿಮ್ಮದು” ಎಂದರು. ಪರ್ವತಯ್ಯ ಆ ಕುರ್ಚಿಗೆ ಎಷ್ಟು ಕಾಲ ಆಸೆಪಟ್ಟಿದ್ದನೆಂದರೆ, ಅದರ ತಿಗಣೆಗಳಿಗೂ ಅವನ ಗುರುತಿತ್ತು.

ಬಾಗಿಲಲ್ಲೇ ಹೆಂಡತಿ ಶಿವರುದ್ರಮ್ಮ ತಡೆದಳು. “ಲಿಂಗಪೂಜೆ ಆಗೋ ಮನೆಗೆ ಹೆಂಡ ತಂದ್ರಾ? ಹಿತ್ಲಿಗೆ ಹೋಗಿ, ನೀರೊಲೆ ಹತ್ರ ಇಟ್ಕಳಿ!”

ಪರ್ವತಯ್ಯ ಹೇಳಿ ಕಳಿಸಿದ್ದಕ್ಕೆ ಹಿತ್ತಲಿಗೆ ನಿಯಾಜ್ ಅಹಮದ್ ಬಂದ. ಹಿಂದೆ ಬೆಂಗಳೂರು ದಂಡಿನಲ್ಲಿ ದೊರೆಗಳ ಮೇಜಿಗೆ ಬಡಿಸಿದವನು, ಈಗ ಪೇಟೆಯಲ್ಲಿ ಅತ್ತರಿನ ಅಂಗಡಿ. “ಸಕ್ಕರೆ ತುಂಡು ಇಡಿ. ಅದ್ರ ಮೇಲೆ ಕಹಿ ಅರಕು ನಾಕು ತೊಟ್ಟು. ಒಸಿ ಬ್ರಾಂದಿ. ಆಮೇಲೆ ಶಾಂಪೇನು, ನಿಧಾನ!”

“ರುಚಿ ಯಾರು ನೋಡಾದು ಸಾಬ್ರೇ?”

“ತೌಬಾ! ಬಡಿಸಿವ್ನಿ, ಬಾಯಿಗೆ ಇಟ್ಟಿಲ್ಲ. ನೀವೇ ನೋಡಿ.”

“ಕೊರಳಾಗೆ ಲಿಂಗ ಐತಲ್ಲಪ್ಪಾ!”

ಅಷ್ಟರಲ್ಲಿ ತಿಳಿಯಿತು, ಕಹಿ ಅರಕಿನ ಸೀಸೆ ದಾರಿಯಲ್ಲೇ ಒಡೆದಿತ್ತು. ಗೋಡೆಯಾಚೆಯಿಂದ ಪಕ್ಕದ ಮನೆ ಸಿದ್ದಗಂಗಮ್ಮನ ತಲೆ ಮೂಡಿತು. “ಕಹಿ ತಾನೆ? ಅದುಕ್ಯಾಕೆ ಇಂಗೆ ಬಾಯ್ಬಾಯ್ ಬಡ್ಕತೀರಾ? ನಮ್ಮನೇಲಿ ನೆಲಬೇವಿನ ಕಷಾಯ ಐತೆ ಕಣಯ್ಯಾ.” ನಾಲ್ಕು ತೊಟ್ಟಲ್ಲ, ಚೊಂಬು ತುಂಬ ತಂದು ತಪ್ಪಲೆಗೆ ಸುರಿದಳು.

ಬಿರಡೆ ಹಾರಿತು, ಇಬ್ಬರೂ ಸೌದೆ ರಾಶಿಯ ಹಿಂದೆ ಅವಿತರು. ತಪ್ಪಲೆಯೊಳಗೆ ನೊರೆ ಹೊಸ ಅಳಿಯನ ಹಾಗೆ ಉಬ್ಬಿ ನಿಂತಿತು. ನಿಯಾಜ್ ನಮಾಜಿಗೆ ಹೋದ. ಪರ್ವತಯ್ಯ ಗಾಜಿನ ಲೋಟ ಕೇಳಿ ತರಲು ಓಡಿದ.

ಬಂದು ನೋಡಿದರೆ, ತಪ್ಪಲೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿದೆ, ಪಕ್ಕದಲ್ಲಿ ಸೌಟು ಹಿಡಿದ ಶಿವರುದ್ರಮ್ಮ!

“ಏನೇ ಮಾಡ್ಬುಟ್ಟೆ?”

“ಹುಳಿ ಬಂದು ನೊರೆ ಎದ್ದಿತ್ತು ಕಣ್ರೀ. ಹುಟ್ಟಿದಬ್ಬದ ದಿವ್ಸ ಹಳ್ಸಿದ್ದು ಕೊಡ್ತಾರಾ? ಕುದ್ಸಿ, ನೊರೆ ಎಲ್ಲಾ ತೆಗ್ದಿವ್ನಿ. ಪಾಪ, ದೊರೆ ಸೀನಾದು ಇಲ್ಲಿಗೇ ಕೇಳ್ತಿತ್ತು. ಮೆಣಸು, ಸುಂಟಿನೂ ಹಾಕ್ದೆ.”

ಬೇರೆ ಬಾಟಲಿ ಇರಲಿಲ್ಲ. ಪರ್ವತಯ್ಯ ಆ ಹೊಗೆಯಾಡುವ ಕಪ್ಪು ದ್ರವವನ್ನು ಹೊತ್ತು, ಬಲಿಯ ಕುರಿಯಂತೆ ಬಂಗಲೆಗೆ ನಡೆದ.

ಮೂಗು ಕಟ್ಟಿದ ದೊರೆಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಒಂದೇ ಗುಟುಕಿಗೆ ಎತ್ತಿದ. ಮುಖ ಮಧುಗಿರಿಯ ದಾಳಿಂಬೆಯಾಯಿತು. ಕಣ್ಣಲ್ಲಿ ಕೆರೆ ಕೋಡಿ ಬಿತ್ತು. ಅಮಲ್ದಾರರು ಕುರ್ಚಿ ಹಿಡಿದುಕೊಂಡರು. ಆಮೇಲೆ ರೈಲು ಕೂಗಿದಂತೆ ಒಂದು ಸದ್ದು. ತಿಂಗಳಿಂದ ಮುಚ್ಚಿದ್ದ ಮೂಗು ತೆರೆದುಕೊಂಡಿತ್ತು! ದೊರೆ ಪರ್ವತಯ್ಯನನ್ನು ತಬ್ಬಿಕೊಂಡು ಕುಣಿದ.

ವಾರದಲ್ಲಿ ಹುಕುಂ ಬಂತು. ಇಂಥ ಔಷಧ ಬಲ್ಲವನು ಕಚೇರಿಯಲ್ಲಿ ಕೊಳೆಯಬಾರದೆಂದು ದೊರೆ ಶಿಫಾರಸು ಮಾಡಿದ್ದ: ಪರ್ವತಯ್ಯನಿಗೆ ಪಾವಗಡದ ದವಾಖಾನೆಗೆ ವರ್ಗ, ಕಷಾಯ ಕಾಯಿಸುವ ಕೆಲಸ, ಅದೇ ಸಂಬಳ.

ಅದಕ್ಕೇನಂತೆ? ಪಾವಗಡದವರು ಅವನನ್ನು ಆನೆಯ ಮೇಲೆ ಕೂರಿಸಿ, ಏಳು ಓಲಗ ಊದಿಸಿ...

“ಯಾವ ಆನೆ?” ಒಳಗಿನಿಂದ ದನಿ ಬಂತು. “ಗಾಡಿನೂ ಸಿಗ್ದೆ ಬಿಸ್ಲಾಗೆ ನಡ್ಕಂಡು ಹೋಗ್ಲಿಲ್ವಾ? ಅರ್ಧ ದಾರಿ ನಿಮ್ ಪೆಟ್ಟಿಗೆ ಹೊತ್ತೋಳು ನಾನು!”

ಶಿವರುದ್ರಮ್ಮ ಕೇಳಿಸಿಕೊಳ್ಳುತ್ತಿದ್ದಾಳೆಂದು ತಿಳಿದಿರಲಿಲ್ಲ. ಇನ್ನು ಮುಚ್ಚಿಟ್ಟು ಫಲವಿಲ್ಲ. ಆ ಪರ್ವತಯ್ಯ ನಾನೇ. ಆನೆಯಿರಲಿ, ಎಮ್ಮೆಯೂ ಎದುರು ಬರಲಿಲ್ಲ. ನಿವೃತ್ತಿಯಾಗುವವರೆಗೆ ಪಾವಗಡದಲ್ಲಿ ಕಷಾಯ ಕಾಯಿಸಿದೆ.

“ಕಾಯ್ಸಿದ್ದು ಯಾರು?”

ಸರಿ, ಅದೂ ಅವಳೇ. ನಾನು ಸೀಸೆಗೆ ಚೀಟಿ ಅಂಟಿಸುತ್ತಿದ್ದೆ.