ತೊಟ್ಟಿಲಲ್ಲಿ ಕಕ್ಕಿಂಜೆ ಯಜಮಾನರು

ಹೆಸರಿಡುವುದು ಒಂದು ಶಾಸ್ತ್ರ. ಅದನ್ನು ಬಲ್ಲವರು ಬಂಟ್ವಾಳ ಪೇಟೆಯಲ್ಲಿ ಹೆಚ್ಚು ಮಂದಿ ಇಲ್ಲ, ಇರುವ ಕೆಲವರಲ್ಲಿ ನಾನೂ ಒಬ್ಬ ಎಂಬ ವಿನಯಪೂರ್ವಕ ಅಭಿಪ್ರಾಯ ನನಗೆ ಐವತ್ತೆಂಟನೆಯ ಇಸವಿಯವರೆಗೂ ಇತ್ತು. ಕಾಲೇಜು ಓದಿದವನು, ಹೈಸ್ಕೂಲಿನ ಮಾಸ್ತರ, ಮೇಲಾಗಿ ತಾಯಿಯ ಕಡೆಯಿಂದ ಕುಲ ಎಣಿಸುವ ಅಳಿಯಸಂತಾನದ ಮನೆಯ ಹಿರಿಯ ಸೋದರಮಾವ! ತೀರಿಕೊಂಡ ನನ್ನ ತಂಗಿಯ ಮಗಳು ವಿನೋದಾ ಆ ಮಳೆಗಾಲದಲ್ಲಿ ನಮ್ಮಲ್ಲೇ ಗಂಡುಮಗುವನ್ನು ಹೆತ್ತಾಗ, ಹೆಸರು ಆರಿಸುವ ಹಕ್ಕು ನ್ಯಾಯವಾಗಿ ನನ್ನ ಪಾಲಿಗೆ ಬಂತು.

ನಮ್ಮ ಮನೆತನದಲ್ಲಿ ನೋಣಯ್ಯನ ಅಳಿಯ ಚಿನ್ನಯ್ಯ, ಚಿನ್ನಯ್ಯನ ಅಳಿಯ ಮತ್ತೆ ನೋಣಯ್ಯ. ನಾನು ಚಿನ್ನಯ್ಯ. ಈ ಗಾಣದ ಸುತ್ತನ್ನು ನಿಲ್ಲಿಸಿ, ಯಾರ ಹಂಗೂ ಇಲ್ಲದ, ಗಂಭೀರವಾದ, ನವೀನವಾದ ಹೆಸರೊಂದನ್ನು ಕುಲಕ್ಕೆ ದಯಪಾಲಿಸುವುದೆಂದು ಸಂಕಲ್ಪಿಸಿದೆ. ಹಲವು ದಿನ ಯೋಚಿಸಿ ಒಂದನ್ನು ಗೊತ್ತುಮಾಡಿಯೂ ಬಿಟ್ಟೆ.

"ನಮಗೂ ಒಮ್ಮೆ ಹೇಳಬಹುದಲ್ಲ?" ಎಂದಳು ಹೆಂಡತಿ ಸರಸ.

"ತೊಟ್ಟಿಲಿಗೆ ಹಾಕುವ ದಿನ ಹೇಳ್ತೇನೆ. ಮೊದಲೇ ಹೇಳಿದರೆ ಅದಕ್ಕೆ ತೂಕ ಉಳಿಯುವುದಿಲ್ಲ."

ಆ ದಿನ ವಿನೋದಾಳ ಅತ್ತೆ ಮಾವ ಕಕ್ಕಿಂಜೆಯಿಂದ ಬಸ್ಸು ಹಿಡಿದು ಬಿ.ಸಿ.ರೋಡಿನಲ್ಲಿ ಇಳಿದು ಬಂದರು. ಗಂಡಸರು ಚಾವಡಿಯಲ್ಲಿ ಕುಳಿತರು, ಹೆಂಗಸರು ತೊಟ್ಟಿಲ ಸುತ್ತ ನಿಂತರು. ತಂದೆಯ ತಾಯಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕೆಂಬುದು ಕ್ರಮ. ಅವರು ಮಗುವನ್ನೆತ್ತಿಕೊಂಡು ನನ್ನತ್ತ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: "ಲೋಕನಾಥ!"

ಆಕೆ ಬಗ್ಗಿದವರು ಬಗ್ಗಿದಲ್ಲೇ ನಿಂತುಬಿಟ್ಟರು. ಕಿವಿ ಮಂದವಿರಬೇಕೆಂದು ಭಾವಿಸಿ ನಾನು ಇನ್ನೂ ಗಟ್ಟಿಯಾಗಿ, ಬೀದಿಗೆ ಕೇಳಿಸುವಂತೆ ಹೇಳಿದೆ. ಆಕೆ ಬಿಸಿ ಪಾತ್ರೆಯನ್ನು ದಾಟಿಸುವಂತೆ ಮಗುವನ್ನು ವಿನೋದಾಳ ಕೈಗೆ ದಾಟಿಸಿದರು. ವಿನೋದಾ ಕೆಂಪಾಗಿ ಸರಸಳ ಕೈಗೆ ದಾಟಿಸಿದಳು. ಸರಸ ಮಗುವನ್ನು ತೊಟ್ಟಿಲಲ್ಲಿಟ್ಟು ನನ್ನನ್ನು ಬಾಗಿಲ ಮರೆಗೆ ಎಳೆದಳು.

"ನಿಮಗೆ ಬೇರೆ ಹೆಸರೇ ಸಿಗಲಿಲ್ಲವಾ? ಅದು ವಿನೋದಾಳ ಮಾವ, ಕಕ್ಕಿಂಜೆ ಯಜಮಾನ್ರ ಹೆಸರು."

ಓದುಗರು ನನ್ನ ಪಕ್ಷವನ್ನೂ ಕೇಳಬೇಕು. ಊರಿಗೆ ಊರೇ ಆ ಮನುಷ್ಯನನ್ನು ಕಕ್ಕಿಂಜೆ ಯಜಮಾನರೆಂದೇ ಕರೆಯುತ್ತದೆ. ಮದುವೆಯ ಕಾಗದವನ್ನು ಬರೆದವನು ನಾನೇ ಆದರೂ, ನಮ್ಮ ಕ್ರಮದಂತೆ ಮದುಮಗನನ್ನು ಅವನ ಸೋದರಮಾವನ ಅಳಿಯನೆಂದು ಬರೆದೆನೇ ಹೊರತು ಅಪ್ಪನ ಹೆಸರು ಅದರಲ್ಲಿ ಬರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲ, ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ, ನೆಂಟರ ಯಜಮಾನರನ್ನು ಬರೀ ಹೆಸರು ಹಿಡಿದು ಕರೆಯಲು ಸರಸಳಿಗೆ ನಾಲಿಗೆ ಏಳುವುದಿಲ್ಲ. ಯಾವ ಹೆಂಗಸೂ ಉಚ್ಚರಿಸಲಾರದ ಹೆಸರೊಂದನ್ನು ನಾನು ಹುಡುಕಿ ತಂದಿದ್ದೆ!

ಬದಲಾಯಿಸೋಣವೆಂದು ಹೊರಗೆ ಬಂದರೆ ಯಜಮಾನರು ತೊಟ್ಟಿಲ ಬಳಿ ನಿಂತಿದ್ದರು. ಮುಖ ಬಿಗಿದುಕೊಂಡಿತ್ತು.

"ಮಾಸ್ಟ್ರೇ, ಏನು ಹೇಳುವುದೆಂದು ನನಗೆ ಗೊತ್ತಾಗುವುದಿಲ್ಲ."

ಸಂತೋಷ ಹೆಚ್ಚಾಗಿ ಹೀಗೆನ್ನುತ್ತಿದ್ದಾರೆ ಎಂದು ನಾನು ಅರ್ಥಮಾಡಿಕೊಂಡೆ. ಅಳಿಯಸಂತಾನದ ಮನೆಯಲ್ಲಿ ಅಪ್ಪನ ಅಪ್ಪನಿಗೆ ಇಷ್ಟು ಮರ್ಯಾದೆ ಕೊಟ್ಟವರು ಯಾರು? ಇನ್ನು ಹಿಂದೆಗೆಯುವುದೆಂದರೆ ನೆಂಟಸ್ತಿಕೆಗೇ ಕೊಡಲಿ.

ಕೊನೆಗೆ ನೆನಪಾದವರು ನೆರೆಮನೆಯ ಸಫಿಯಮ್ಮ. ಮಗುವಿಗೊಂದು ಅಂಗಿ ತಂದು ಅಂಗಳದಲ್ಲಿ ನಿಂತಿದ್ದರು. ಸಂಕಟವನ್ನು ಕೇಳಿ ನಕ್ಕರು.

"ನನ್ನ ಗಂಡನದ್ದು ಒಂದು ಬಿಟ್ಟು ಯಾರ ಹೆಸರಾದರೂ ಹೇಳ್ತೇನೆ ಮಾಸ್ಟ್ರೇ."

ಒಳಗೆ ಬಂದು ತೊಟ್ಟಿಲಿಗೆ ಬಗ್ಗಿ, ತಮ್ಮ ಮಾತಿನಲ್ಲಿ ಮಗನನ್ನು ಮುದ್ದಿಸುವಂತೆ ಮೊದಲು "ಮೋನು" ಎಂದು, ಆಮೇಲೆ ನಾನು ಆರಿಸಿದ ಹೆಸರನ್ನು ಹೇಳಿದರು. ಹೆಂಗಸರ ಮುಖದಲ್ಲಿ ದೀಪ ಹತ್ತಿತು. ಅವರಿಗೆ ಮೊದಲಿನದೇ ಸಾಕಾಗಿತ್ತು.

ಅಂದಿನಿಂದ ಮನೆ ತುಂಬಾ ಮೋನು. ನಾನು ಆಕ್ಷೇಪಿಸಿದೆ. ಸರಸಳ ತರ್ಕಕ್ಕೆ ನನ್ನ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ.

"ತೊಡೆಯ ಮೇಲೆ ಉಚ್ಚೆ ಹೊಯ್ದರೆ ಬೈಯುವುದು ಬೇಡವಾ? ಕಕ್ಕಿಂಜೆ ಯಜಮಾನ್ರ ಹೆಸರು ಹಿಡಿದು ಬೈಯಲಾ?"

ಹೊಸ ವರ್ಷದ ಬಿಸು ಹಬ್ಬಕ್ಕೆ ಯಜಮಾನರು ಬರುತ್ತಾರೆಂದು ಸುದ್ದಿ ಬಂದಾಗ ಮಗು ಅಂಬೆಗಾಲಿಡುತ್ತಿತ್ತು. ತಮ್ಮ ಹೆಸರಿಗೆ ಮೊಮ್ಮಗ ತಿರುಗಿಯೂ ನೋಡದಿದ್ದರೆ ಅವರು ಏನೆಂದುಕೊಂಡಾರು? ನಾನು ಶಿಕ್ಷಣ ಆರಂಭಿಸಿದೆ. ದಿನವೂ ಎದುರು ಕೂರಿಸಿ, "ಲೋಕನಾಥ" ಎಂದು ಕರೆದು, ಬೆಲ್ಲದ ಚೂರನ್ನು ನಾಲಿಗೆಗೆ ತಾಗಿಸುವುದು. ಮಗು ಬೇಗ ಕಲಿಯಿತು. ಲೋಕನಾಥ ಎಂದರೆ ಬಾಯಿ ತೆರೆಯಬೇಕು ಎಂಬಷ್ಟನ್ನು.

ಹಬ್ಬದ ದಿನ ಯಜಮಾನರು ನಮ್ಮ ಚಾವಡಿಯ ಆರಾಮಕುರ್ಚಿಯಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದರು. ಮಗು ಕಂಬದ ಬಳಿ ಇತ್ತು. ನಾನು ತರಗತಿಯಲ್ಲಿ ಹಾಜರಿ ಕರೆಯುವ ಸ್ವರದಲ್ಲಿ ಕರೆದೆ: "ಲೋಕನಾಥ! ಬಾ ಇಲ್ಲಿ!"

ಮಗು ಬಾಯಿ ತೆರೆಯಿತು. ಯಜಮಾನರು ಕುರ್ಚಿಯಿಂದ ಎದ್ದು ನಿಂತರು!

ಅಡುಗೆಮನೆಯಲ್ಲಿ ಸೀರೆಯ ಸೆರಗುಗಳು ಬಾಯಿಗೆ ಹೋದವು. ಎಪ್ಪತ್ತರ ಹಿರಿಯರನ್ನು ಏಕವಚನದಲ್ಲಿ ಕರೆದ ನಾನು ನೆಲ ಬಿರಿಯಲೆಂದು ಕಾಯುತ್ತಿರುವಾಗ, ಸರಸ ಬಾಗಿಲಿನಿಂದಲೇ ಮೆಲ್ಲನೆ ಅಂದಳು, "ಮೋನು, ಅಜ್ಜ ಬಂದಿದ್ದಾರೆ ನೋಡು." ಮಗು ಕಿಲಕಿಲ ನಗುತ್ತಾ ತೆವಳಿ ಹೋಗಿ ಅಜ್ಜನ ಕಾಲನ್ನು ಹಿಡಿದುಕೊಂಡಿತು.

ಕ್ಷಮೆ, ವಿವರಣೆ, ಸಫಿಯಮ್ಮ, ಬೆಲ್ಲ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಯಜಮಾನರು ಮೊಮ್ಮಗನನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕಾದರು.

"ಮೋನು ಚಂದ ಉಂಟು ಮಾಸ್ಟ್ರೇ, ಅದನ್ನೇ ಇಡುವ. ನೀವು ಅಷ್ಟು ಪ್ರೀತಿಯಿಂದ ಇಟ್ಟದ್ದು, ಬೇಡ ಅನ್ನಲಿಕ್ಕೆ ಆವತ್ತು ನನಗೆ ಸಂಕೋಚ ಆಯ್ತು. ನಮ್ಮ ಅಮ್ಮ ಹೋದ ಮೇಲೆ ನನ್ನನ್ನು ಆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಒಮ್ಮೆ ಮಾತ್ರ ಗದ್ದೆಯ ವ್ಯಾಜ್ಯದಲ್ಲಿ ಜವಾನ ಕೋರ್ಟಿನ ಬಾಗಿಲಿಗೆ ಬಂದು ಇದೇ ನಿಮ್ಮ ಸ್ವರದಲ್ಲಿ ಕೂಗಿದ್ದ. ಆವತ್ತು ಹೊಳೆಬದಿಯ ಗದ್ದೆ ಪೂರ್ತಿ ಹೋಯ್ತು."